ಹವಳದ ತೊಟ್ಟಿಯೂ ನಮ್ಮ ಅಣುವ್ರತವೂ

ಸೇಲಂನ ಶೆವ್ವಾಪೇಟೆಯಲ್ಲಿ ಬೇಳೆಕಾಳಿನ ವ್ಯಾಪಾರ ಮಾಡಿಕೊಂಡಿರುವ ನಮಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಎಂದು ಬಂಧುಗಳು ಕೇಳಬಹುದು. ಹತ್ತಿರದ ಕಡಲತೀರವೇ ಇಲ್ಲಿಂದ ಸುಮಾರು 200 ಕಿಲೋಮೀಟರ್. ಆದರೂ ನಾಲ್ಕು ವರ್ಷದಿಂದ ನಮ್ಮ ನಡುಮನೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ, ಅದರಲ್ಲಿ ಹವಳಗಳಿವೆ. ಅದರಿಂದ ಮನೆಯಲ್ಲಿ ಎದ್ದ ಒಂದು ಧರ್ಮಸಂಕಟವನ್ನು ಹೇಳಿಕೊಳ್ಳೋಣವೆಂದು ಇದನ್ನು ಬರೆಯುತ್ತಿದ್ದೇವೆ.

ಮಗ ಮೊದಲು ಕೇಳಿದ್ದು ಬಣ್ಣದ ಮೀನು. ಮೀನಿಗೆ ಹಾಕುವ ಆಹಾರದಲ್ಲಿ ಮೀನಿನ ಪುಡಿಯೇ ಇರುತ್ತದೆಂದು ತಿಳಿದು ಅಮ್ಮ ಒಪ್ಪಲಿಲ್ಲ. ಆಗ ಅವನು ಹವಳದ ಮಾತು ತೆಗೆದ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ, ಅವು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. "ಅಜ್ಜಿ, ಇವು ಬಿಸಿಲು ತಿಂದು ಬದುಕುತ್ತವೆ" ಎಂದ. ಅಮ್ಮ ಸೋತರು. ಗಟ್ಟಿ ಹವಳಗಳನ್ನು 2001ರಲ್ಲಿ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಗೆ ಸೇರಿಸಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಆದ್ದರಿಂದ ಝೋಆಂಥಿಡ್ ಎಂಬ ಮೆತ್ತನೆಯ ಜಾತಿಯನ್ನು ಮಾತ್ರ ತಂದೆವು. ಶುದ್ಧೀಕರಿಸಿದ ನೀರು, ಲೀಟರಿಗೆ 35 ಗ್ರಾಂ ಉಪ್ಪು, 26 ಡಿಗ್ರಿ ಶಾಖ. ಸೇಲಂನ ಕತ್ತರಿ ಬಿಸಿಲಿನಲ್ಲಿ ಈ 26 ಡಿಗ್ರಿಯನ್ನು ಕಾಯುವುದು ಎಂಥ ಪಾಡೆಂದು ಕರೆಂಟ್ ಬಿಲ್ ನೋಡಿದವರಿಗೇ ಗೊತ್ತು.

ಪೃಥ್ವೀಕಾಯದ ಭೇದಗಳನ್ನು ಎಣಿಸುವಾಗ ನಮ್ಮ ಶಾಸ್ತ್ರಗಳು ಚಿನ್ನ ಬೆಳ್ಳಿ ವಜ್ರಗಳ ಜೊತೆಗೆ ಪ್ರವಾಳವನ್ನೂ, ಅಂದರೆ ಹವಳವನ್ನೂ ಹೇಳುತ್ತವೆ. ಯೂರೋಪಿನವರು ಅದನ್ನು ಗಿಡವೆಂದೇ ತಿಳಿದಿದ್ದರು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ ಅದು ಪ್ರಾಣಿಯೆಂದು ತೋರಿಸಿದ. ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಕಲ್ಲಿನಲ್ಲೂ ಜೀವ ಉಂಟು ಅಂತ ನಾವು ಯಾವಾಗಿನಿಂದ ಹೇಳ್ತಿದ್ದೇವೆ" ಎಂದರು.

ಎರಡನೇ ವರ್ಷ ಹೊಸದಾಗಿ ಕೊಂಡ ಒಂದು ತುಂಡಿನ ಜೊತೆ ಕರೆಯದ ಅತಿಥಿಯೂ ಬಂತು. ಕಂದು ಬಣ್ಣದ, ಗಾಜಿನಂತೆ ಒಳಗೆಲ್ಲ ಕಾಣುವ ಪುಟ್ಟ ಹೂವಿನಂಥ ಜೀವಿ. ಹೆಸರು ಐಪ್ಟೇಸಿಯಾ. ನೋಡಲು ಚೆಂದವೇ. ಆದರೆ ಅದರ ಎಳೆಗಳು ಪಕ್ಕದ ಹವಳವನ್ನು ಕುಟುಕುತ್ತವೆ. ಕುಟುಕಿಸಿಕೊಂಡ ಹವಳ ಮುದುಡಿಕೊಳ್ಳುತ್ತದೆ, ಕೊನೆಗೆ ಸಾಯುತ್ತದೆ. ಮಗ ನಮಗೆ ಹೇಳದೆ ಬ್ಲೇಡಿನಿಂದ ಕೆರೆದು ತೆಗೆದ. ಹದಿನೈದು ದಿನದಲ್ಲಿ ಒಂದಿದ್ದದ್ದು ಒಂಬತ್ತಾಯಿತು. ಪಾದದ ಒಂದು ಚೂರು ಕಲ್ಲಿಗೆ ಅಂಟಿ ಉಳಿದರೂ ಸಾಕು, ಅದರಿಂದ ಇನ್ನೊಂದು ಹುಟ್ಟುತ್ತದಂತೆ. ಪಾಪವೂ ಆಯಿತು, ಪ್ರಯೋಜನವೂ ಆಗಲಿಲ್ಲ.

ಆಮೇಲೆ ಊಟದ ಹೊತ್ತಿಗೆಲ್ಲ ಇದೇ ಚರ್ಚೆ. ಎಲೆಗೆ ಹಚ್ಚುವ ಸುಣ್ಣವನ್ನು ಕಲಸಿ ಅದರ ಬಾಯಿಗೆ ಬಿಟ್ಟರೆ ಸಾಯುತ್ತದೆ ಎಂದರು ಕೆಲವರು. ಪೆಪರ್‌ಮಿಂಟ್ ಸಿಗಡಿ ಬಿಟ್ಟರೆ ಅದೇ ತಿಂದುಹಾಕುತ್ತದೆ, ನಿಮ್ಮ ಕೈಗೆ ಅಂಟುವುದಿಲ್ಲ ಎಂದರು ಇನ್ನು ಕೆಲವರು. ಕೃತ, ಕಾರಿತ, ಅನುಮೋದಿತ ಎಂದು ಪಾಠಶಾಲೆಯಲ್ಲಿ ಕಲಿತ ನಮಗೆ ಈ ಜಾಣತನ ಸಲ್ಲುತ್ತದೆಯೇ? ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. "ಅದು ಮುಗಿದ ಮೇಲೆ?" ಎಂದು ಅಮ್ಮ ಕೇಳಿದರು. ಉಪವಾಸ ಬಿದ್ದು ಸಾಯುತ್ತದೆ. ತತ್ತ್ವಾರ್ಥಸೂತ್ರ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಎಣಿಸಿರುವುದು ಇದಕ್ಕೇ ತಾನೆ? ಇದು ವಿರೋಧೀ ಹಿಂಸೆ, ಹವಳವನ್ನು ಕಾಪಾಡಲು ಮಾಡುವುದು, ಗೃಹಸ್ಥರಿಗೆ ಅಷ್ಟು ಅನಿವಾರ್ಯ ಎಂದು ನಾವು ವಾದಿಸಿದೆವು. ಅಮ್ಮ ಹೇಳಿದ್ದು ಒಂದೇ ಮಾತು: "ಶತ್ರು ತಾನಾಗಿ ಬಂದನೋ, ನೀನು ದುಡ್ಡು ಕೊಟ್ಟು ತಂದೆಯೋ?" ಅದೇ ಸೂತ್ರದ ಮೊದಲ ಅತಿಚಾರ ಬಂಧ, ಅಂದರೆ ಕಟ್ಟಿಹಾಕುವುದು. ತೊಟ್ಟಿಯೇ ಬಂಧ. ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಗ ಧರ್ಮಪುರಿಯ ಚಿಕ್ಕಪ್ಪನ ಮನೆಗೆ ಒಂದು ಹವಳದ ತುಂಡು ಕೊಟ್ಟಿದ್ದ. ಅಲ್ಲಿಯೂ ಅದರ ಜೊತೆಗೇ ಐಪ್ಟೇಸಿಯಾ ಹೋಗಿ ತೊಟ್ಟಿಯೆಲ್ಲ ಹಬ್ಬಿತ್ತು. ಹುಳು ಹಿಡಿದ ಬೇಳೆ ಕೊಟ್ಟಷ್ಟೇ ನಾಚಿಕೆಯಾಯಿತು. ಅಂಗಡಿಗೆ ಹೊಸ ಮೂಟೆ ಬಂದರೆ ಬೇರೆ ಇಟ್ಟು, ಬಿಚ್ಚಿ ನೋಡಿ, ಬಿಸಿಲು ತೋರಿಸಿ, ಆಮೇಲೆ ಹಳೆಯ ಸರಕಿನ ಜೊತೆ ಸೇರಿಸುವ ನಾವು ಮನೆಯ ತೊಟ್ಟಿಯಲ್ಲಿ ಅದನ್ನು ಮರೆತಿದ್ದೆವು. ಹವಳಕ್ಕೂ ಅದೇ ಕ್ರಮ; ಹೊಸ ತುಂಡನ್ನು ಕೆಲವು ವಾರ ಬೇರೆ ನೀರಿನಲ್ಲಿಟ್ಟು ನೋಡಬೇಕು.

ದಶಲಕ್ಷಣ ಪರ್ವ ಮುಗಿದಿತ್ತು. ಕ್ಷಮಾವಣಿಗೆಂದು ಧರ್ಮಪುರಿಗೆ ಹೊರಟೆವು. ಹಿಂದೆ ತಗಡೂರು ಎನಿಸಿದ್ದ ಈ ಊರಿನಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕ ಸಹೋದರರು ಬಸದಿ ಕಟ್ಟಿಸಿದ್ದನ್ನು ಕ್ರಿ.ಶ. 893ರ, ನೊಳಂಬರ ಕಾಲದ ಕನ್ನಡ ಶಾಸನ ಹೇಳುತ್ತದೆ. ಅದೇ ಊರಿನಲ್ಲಿ ನಮ್ಮ ತಮ್ಮ ಹಿತ್ತಲಿನ ಒಲೆ ಹೊತ್ತಿಸಿ ನೀರು ಕಾಯಿಸಲು ನಿಂತಿದ್ದ. ಹವಳದ ಕಲ್ಲನ್ನೇ ಕುದಿಸಿಬಿಡಿ, ಎಲ್ಲ ಸಾಯುತ್ತದೆ ಎಂದು ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಅವನ ಹೆಂಡತಿ ಪಾತ್ರೆ ಕೊಡಲು ಒಪ್ಪಿರಲಿಲ್ಲ. "ನೀವಾದರೂ ಹೇಳಿ ಭಾವ, ಅನ್ನ ಬೇಯಿಸೋ ಪಾತ್ರೆಯಲ್ಲಿ ಜೀವ ಬೇಯಿಸ್ತಾರೆಯೇ?" ಒಲೆ ಆರಿಸಿದೆವು.

ಆ ಪಾತ್ರೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ತಿಳಿದದ್ದು ಆಮೇಲೆ. ಝೋಆಂಥಿಡ್‌ಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಕುದಿಸಿದರೆ ಅಥವಾ ಬ್ರಷ್ಷಿನಿಂದ ಉಜ್ಜಿದರೆ ಅದು ಹಬೆಯಲ್ಲಿ, ತುಂತುರಿನಲ್ಲಿ ಸೇರಿ ಉಸಿರಿನೊಳಗೆ ಹೋಗುತ್ತದೆ. ಜ್ವರ, ಕಣ್ಣುರಿ, ಉಸಿರುಕಟ್ಟುವಿಕೆ ಬರುತ್ತದೆ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಗ್ರಾಮದಲ್ಲಿ ತೊಟ್ಟಿಯ ಹವಳವನ್ನು ಶುಚಿಮಾಡಲು ಹೋಗಿ ಒಂದೇ ಮನೆಯ ಆರು ಜನ ಆಸ್ಪತ್ರೆ ಸೇರಿದ್ದರು. ಹವಳ ಇಟ್ಟುಕೊಂಡಿರುವ ಬಂಧುಗಳು ಯಾರೇ ಆಗಲಿ, ಕೈಗವಸು ಹಾಕದೆ ಮುಟ್ಟಬೇಡಿ, ಬಿಸಿನೀರನ್ನಂತೂ ಹತ್ತಿರ ತರಬೇಡಿ.

ಮಾರಿದ ಸರಕು ಕೆಟ್ಟದ್ದೆಂದು ಗೊತ್ತಾದರೆ ವಾಪಸು ತೆಗೆದುಕೊಳ್ಳಬೇಕು. ಐಪ್ಟೇಸಿಯಾ ಹತ್ತಿದ ಕಲ್ಲುಗಳನ್ನೆಲ್ಲ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಸೇಲಂಗೆ ತಂದೆವು. ನಮ್ಮ ತೊಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ ಇಟ್ಟು, ಎರಡೂ ಮನೆಯ ಐಪ್ಟೇಸಿಯಾಗಳನ್ನು ಅದರಲ್ಲಿ ಬಿಟ್ಟೆವು. ಸಮುದ್ರಕ್ಕೆ ಬಿಡೋಣವೆಂದರೆ ಎಲ್ಲಿಂದಲೋ ಬಂದ ಜಾತಿ ಅಲ್ಲಿನವನ್ನು ಕೆಡಿಸೀತು. ಹೊಗೇನಕಲ್ಲಿನ ಕಾವೇರಿಗೆ ಬಿಟ್ಟರೆ ಸಿಹಿನೀರಿನಲ್ಲಿ ಒಂದು ಗಳಿಗೆಯೂ ಬದುಕವು. ಮೇಲಿನ ನೀರು ಕೆಳಗೆ ಇಳಿದು ಹೋಗುವಾಗ ಅದರಲ್ಲಿರುವ ಕಣಗಳನ್ನು ಹಿಡಿದು ತಿಂದು ಇವು ನೀರನ್ನು ಅಷ್ಟಿಷ್ಟು ಶುಚಿಯೂ ಮಾಡುತ್ತವೆ. ಎಂದಾದರೊಂದು ಚೂರು ಮೇಲಿನ ತೊಟ್ಟಿಗೆ ಹತ್ತಿಬರುವುದೂ ಉಂಟು. ಆಗ ಆ ಕಲ್ಲನ್ನೇ ಕೆಳಕ್ಕೆ ಇಳಿಸುತ್ತೇವೆ.

ಕೆಳಗೆ ದೀಪ ಬೇಡ, ಕತ್ತಲಲ್ಲಿ ಹೆಚ್ಚುವುದಿಲ್ಲ ಎಂದು ಮಗ ಹೇಳಿದ. ಐಪ್ಟೇಸಿಯಾ ಮೈಯಲ್ಲೂ ಹವಳದಂತೆ ಪಾಚಿ ಇದೆ, ಅದೂ ಬೆಳಕು ತಿನ್ನುವ ಜೀವವೇ. "ಹಾಗಾದರೆ ಊಟ ನಿಲ್ಲಿಸಿದಂತೆ ಆಗಲಿಲ್ಲವೇನೋ?" ಎಂದರು ಅಮ್ಮ. ಈಗ ಕೆಳಗೂ ಒಂದು ಸಣ್ಣ ದೀಪ ಉರಿಯುತ್ತಿದೆ. ಎಣಿಸಿದರೆ ನಲವತ್ತಕ್ಕೂ ಹೆಚ್ಚಿವೆ. ಹೊಸ ಹವಳ ಕೊಳ್ಳುವುದನ್ನು ನಿಲ್ಲಿಸಿದ್ದೇವೆ. ಇರುವವು ಇರುವಷ್ಟು ದಿನ ತೊಟ್ಟಿ ನಡೆಯುತ್ತದೆ. ಆ ದೀಪದ ಖರ್ಚಿನಲ್ಲಿ ಅರ್ಧ ತನ್ನದು ಎಂದು ಧರ್ಮಪುರಿಯ ತಮ್ಮ ಪ್ರತಿ ದೀಪಾವಳಿಗೂ ಲೆಕ್ಕ ಕೇಳುತ್ತಾನೆ. ನಾವು ಇನ್ನೂ ಕೊಟ್ಟಿಲ್ಲ.