ಪೊಟ್ಟಣ ಬದಲಿಸಿದೆ, ಮೋರಿ ನೋಡಲಿಲ್ಲ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾಕ್ಕೆ ಬರವಿಲ್ಲ. ಆ ಶೇಂಗಾ, ಮಂಡ್ಯ ಕಡೆಯಿಂದ ಬರುವ ಬೆಲ್ಲ ಮತ್ತು ಊರಿನ ಹೆಣ್ಣುಮಕ್ಕಳ ಕೈ ನಂಬಿ ಚಿಕ್ಕಿ ಮಾಡುವ ಸಣ್ಣ ಘಟಕ ನಮ್ಮದು. ಪರಿಸರದ ವಿಷಯದಲ್ಲಿ ನಾನು ಎಡವಿದ್ದು ಕಾಳಜಿ ಇಲ್ಲದೆ ಅಲ್ಲ. ಕಾಳಜಿಯಿಂದಲೇ ಎಡವಿದೆ. ಎಲ್ಲರ ಕಣ್ಣಿಗೆ ಬೀಳುವುದನ್ನು ಸರಿಮಾಡಲು ಹೊರಟು, ಕಣ್ಣಿಗೆ ಬೀಳದ ಕಡೆ ಮಾಡುತ್ತಿದ್ದ ಹಾನಿಯನ್ನು ಹಾಗೇ ಬಿಟ್ಟೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷೇಧವಾದವು. ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿ ಡಬ್ಬಿಗಳಿಗೆ ಸುತ್ತುವ ತೆಳು ಹಾಳೆ ಆ ಪಟ್ಟಿಯಲ್ಲಿದ್ದವು. ಚಿಕ್ಕಿಯ ಪೊಟ್ಟಣ ಇರಲಿಲ್ಲ. ಆದರೆ ಶಾಲೆಯ ಮುಂದಿನ ಚರಂಡಿಯಲ್ಲಿ ನಮ್ಮದೇ ಹೆಸರಿನ ಹಾಳೆಗಳು ತೇಲುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಒಳಗೆ ಬೆಳ್ಳಿಯಂತೆ ಹೊಳೆಯುವ ಆ ಹಾಳೆ ಎರಡು ಮೂರು ಬಗೆಯ ಪ್ಲಾಸ್ಟಿಕ್ಕನ್ನೂ ಲೋಹದ ತೆಳು ಲೇಪವನ್ನೂ ಅಂಟಿಸಿ ಮಾಡಿದ್ದು. ಪದರ ಬಿಡಿಸಲಾಗದ ಕಾರಣ ಗುಜರಿಯವರೂ ಮುಟ್ಟುವುದಿಲ್ಲ. ಸಂಗ್ರಹವಾದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯುತ್ತದೆ, ಇಲ್ಲದಿದ್ದರೆ ಮಣ್ಣಿನಲ್ಲಿ ಉಳಿಯುತ್ತದೆ.

ಹಾಗಾಗಿ ಮಣ್ಣಿನಲ್ಲಿ ಕರಗುತ್ತದೆಂದು ಮಾರುವ ಹಾಳೆ ತರಿಸಿದೆ. ದರ ದುಬಾರಿಯಾದರೂ ಪೊಟ್ಟಣದ ಮೇಲೆ ಹಸಿರು ಎಲೆ ಅಚ್ಚು ಹಾಕಿಸಿದೆ. ಆ ಎಲೆಯನ್ನು ನಾನು ನಿಜವಾಗಿ ನಂಬಿದ್ದೆ.

ಮಳೆಗಾಲ ಹಿಡಿಯಿತು. ಚಿಕ್ಕಿಯ ಪಾಕ ಗಟ್ಟಿಯಾಗಿ ಗಾಜಿನಂತೆ ಮುರಿಯಬೇಕು. ಗಾಳಿಯ ತೇವ ಒಳಹೊಕ್ಕರೆ ಅದು ಮೆತ್ತಗಾಗುತ್ತದೆ, ಅಂಟುತ್ತದೆ. ಸಸ್ಯಮೂಲದ ಆ ಹಾಳೆಗೆ ತೇವ ತಡೆಯುವ ಶಕ್ತಿ ಹಳೆಯದಕ್ಕಿಂತ ಎಷ್ಟೋ ಕಡಿಮೆ. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಅದು ಗೊತ್ತೇ ಆಗಿರಲಿಲ್ಲ. ಶಿವಮೊಗ್ಗದ ಆಚೆ ಹೋದ ಮಾಲು ಪೆಟ್ಟಿಗೆಗಟ್ಟಲೆ ವಾಪಸ್ ಬಂತು. ಎಲ್ಲವನ್ನೂ ಗುಂಡಿಗೆ ಸುರಿಸಿದೆ. ಜೊತೆಗೆ ಒಂದಿಷ್ಟು ಖಾಲಿ ಹಾಳೆಯನ್ನು ಹಿತ್ತಲ ತಿಪ್ಪೆಯಲ್ಲಿ ಹೂಳಿಸಿದ್ದೆ. ಮಳೆಗಾಲ ಕಳೆದು ತೆಗೆಸಿದರೆ ಅಂಚು ಬಿಟ್ಟು ಉಳಿದದ್ದು ಹಾಗೇ ಇತ್ತು. ಅದು ಕರಗಲು 60 ಡಿಗ್ರಿಯ ಆಸುಪಾಸಿನ ಶಾಖವನ್ನು ವಾರಗಟ್ಟಲೆ ಹಿಡಿದಿಡುವ ಗೊಬ್ಬರದ ಘಟಕ ಬೇಕು. ಮಾರಿದವರು ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಗುಂಡಿಗೆ ಹೋದ ಆ ಚಿಕ್ಕಿಯ ನಷ್ಟವನ್ನು ಹಣದಲ್ಲಿ ಮಾತ್ರ ಎಣಿಸಿದ್ದೆ. ಜಾಗತಿಕ ಸರಾಸರಿಯಲ್ಲಿ ಕಬ್ಬಿನಿಂದ ಒಂದು ಕಿಲೋ ಸಕ್ಕರೆ ಬರಲು, ಮಳೆನೀರೂ ಸೇರಿ, ಸುಮಾರು 1,800 ಲೀಟರ್ ನೀರು ಬೇಕು. ಬೆಲ್ಲವೂ ಅದೇ ಕಬ್ಬಿನದು. ಅದರ ಮೇಲೆ ಶೇಂಗಾ ಬೆಳೆದ ರೈತನ ಮುಂಗಾರು, ಉರಿದ ಸೌದೆ, ಲಾರಿಯ ಡೀಸೆಲ್. ಇಂಥ ತಿಂಡಿಯನ್ನು ಕಾಯುವ ಹಾಳೆ ಕೆಲವು ಗ್ರಾಂ ಮಾತ್ರ. ಹಾಳೆ ಉಳಿಸಲು ಹೋಗಿ ತಿಂಡಿ ಕೆಡಿಸಿದರೆ ಭೂಮಿಗೆ ಆಗುವ ನಷ್ಟವೇ ದೊಡ್ಡದು.

ಇಷ್ಟಾದರೂ ಬುದ್ಧಿ ಪೂರ್ತಿ ಬಂದಿರಲಿಲ್ಲ. ಕೆಳಗಿನ ಹೊಲದ ಹಿರಿಯರೊಬ್ಬರು ಒಂದು ಬೆಳಗ್ಗೆ ಬಾಗಿಲಿಗೆ ಬಂದರು.

“ನಿನ್ನ ಮೋರಿ ನೀರು ಕಟ್ಟೆಗೆ ಬರ್ತೈತೆ ಕಣವ್ವ. ಎಮ್ಮೆ ಮೂತಿ ಇಡಲ್ಲ. ಮೀನು ಸತ್ತು ತೇಲ್ತಾವೆ. ಏನು ಬಿಡ್ತೀಯ ಅದರೊಳಗೆ?”

“ಏನೂ ಇಲ್ಲ ತಾತ, ಪಾತ್ರೆ ತೊಳೆದ ಬೆಲ್ಲದ ನೀರು ಅಷ್ಟೇ.”

“ಬೆಲ್ಲದ ನೀರಿಗೆ ಮೀನು ಸಾಯ್ತಾವಾ?”

ಸಾಯುತ್ತವೆ. ನನಗೆ ಆಗ ಗೊತ್ತಿರಲಿಲ್ಲ. ಸಕ್ಕರೆ ನೀರಿಗೆ ಸೇರಿದೊಡನೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತವೆ, ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಒಂದು ಕಿಲೋ ಸಕ್ಕರೆ ಪೂರ್ತಿ ಕೊಳೆಯಲು ಸುಮಾರು 1.1 ಕಿಲೋ ಆಮ್ಲಜನಕ ಬೇಕು. ನಮ್ಮ ಹವೆಯಲ್ಲಿ ಶುದ್ಧವಾದ ಒಂದು ಲೀಟರ್ ಕೆರೆನೀರಿನಲ್ಲಿ ಇರುವುದೇ 8 ಮಿಲಿಗ್ರಾಂ ಆಸುಪಾಸು. ಅಂದರೆ ಮೋರಿಗೆ ಹೋದ ಒಂದು ಕಿಲೋ ಸಕ್ಕರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರಿನ ಉಸಿರು ಕಟ್ಟಿಸಬಲ್ಲದು. ಕೆರೆ ಹಳ್ಳಗಳಿಗೆ ಬಿಡುವ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ದಾಟಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ನಾವು ತಿನ್ನುವ ಪದಾರ್ಥ ವಿಷವಾಗುವುದು ಹೇಗೆ ಎಂದು ವಾದಿಸಿದ ನಾನು ಆ ತಾತನ ಮನೆಗೆ ಹೋಗಿ ತಪ್ಪಾಯಿತೆಂದೆ.

ಮೊದಲು ಹೊಳೆದದ್ದು ಗೋಬರ್ ಗ್ಯಾಸ್. ತೊಳೆದ ನೀರನ್ನೆಲ್ಲ ಅದಕ್ಕೇ ಬಿಟ್ಟೆ. ಬರೀ ಸಕ್ಕರೆ ಬಿದ್ದರೆ ತೊಟ್ಟಿ ಬೇಗ ಹುಳಿಯಾಗುತ್ತದೆ, ಹುಳಿಯಲ್ಲಿ ಗ್ಯಾಸ್ ಕೊಡುವ ಜೀವಿಗಳು ನಿಲ್ಲುವುದಿಲ್ಲ. ಅದೂ ಕೆಟ್ಟಿತು. ನಿಜವಾದ ದಾರಿ ಇದ್ದದ್ದು ಕೊಪ್ಪರಿಗೆಯ ಬುಡದಲ್ಲೇ. ನಾವು ಪಾಕ ಬಗ್ಗಿಸಿದ ಕೂಡಲೇ ಪೈಪು ಹಿಡಿದು ತೊಳೆಯುತ್ತಿದ್ದೆವು. ಅಂಟಿದ ಪಾಕವನ್ನು ತೂಕ ಹಾಕಿಸಿದಾಗ ಅರ್ಧ ಕಿಲೋ ಮೀರಿತ್ತು. ಪ್ರತಿ ಪಾಕಕ್ಕೂ ಅಷ್ಟೇ! ಈಗ ಬಿಸಿ ಇರುವಾಗಲೇ ಮರದ ಸಟ್ಟುಗದಲ್ಲಿ ಕೆರೆಯುತ್ತೇವೆ. ಆಮೇಲೆ ಸ್ವಲ್ಪವೇ ಬಿಸಿನೀರು ಹಾಕಿ ಜಾಲಿಸಿ, ಅದನ್ನು ಸೋಸಿ, ಮುಂದಿನ ಪಾಕಕ್ಕೆ ಬೆಲ್ಲ ಕರಗಿಸುವ ನೀರಾಗಿ ಕೂಡಲೇ ಬಳಸುತ್ತೇವೆ. ಇಟ್ಟರೆ ಹುಳಿಯುತ್ತದೆ, ಹಾಗಾಗಿ ಇಡುವುದಿಲ್ಲ. ದಿನದ ಕೊನೆಯ ಜಾಲಿಸಿದ ನೀರು ಬೂಸಾದ ಜೊತೆ ದನಗಳಿಗೆ ಹೋಗುತ್ತದೆ. ಸೋಪು ಹಚ್ಚಿ ತೊಳೆದ ನೀರು ಮಾತ್ರ ಬೇರೆ ಗುಂಡಿಗೆ.

ಇದೇ ಕೊಪ್ಪರಿಗೆ ಸೌದೆಯ ಲೆಕ್ಕವನ್ನೂ ಕಲಿಸಿತು. ಬೆಲ್ಲ ಕರಗಿಸಲು ಹಾಕಿದ ನೀರನ್ನೆಲ್ಲ ಮತ್ತೆ ಆವಿ ಮಾಡಿ ಓಡಿಸಲೇಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಯ ಹಂತಕ್ಕೆ ತರಲು ತಗಲುವ ಶಾಖದ ಏಳು ಪಟ್ಟು ಅದನ್ನು ಪೂರ್ತಿ ಆವಿ ಮಾಡಲು ಬೇಕು. ನಾವು ಅಳತೆಯಿಲ್ಲದೆ ಚೊಂಬಿನಲ್ಲಿ ಸುರಿಯುತ್ತಿದ್ದೆವು. ಈಗ ಅಳೆದು ಹಾಕುತ್ತೇವೆ, ಪಾಕ ಬೇಗ ಬರುತ್ತದೆ. ಒಲೆಗೆ ಜಾಲಿ ಸೌದೆಯ ಬದಲು ಎಣ್ಣೆ ಗಿರಣಿಗಳ ಕಡೆ ಸಿಗುವ ಶೇಂಗಾ ಸಿಪ್ಪೆ ಬಳಸುತ್ತೇವೆ. ಅದಕ್ಕಾಗಿ ಒಲೆಯ ಬಾಯಿ ಬದಲಿಸಿ ಹೊಗೆ ಕೊಳವೆ ಕಟ್ಟಿಸಬೇಕಾಯಿತು. ಒಲೆ ಮುಂದೆ ನಿಲ್ಲುವ ಹೆಣ್ಣುಮಕ್ಕಳ ಕಣ್ಣುರಿ ಕಡಿಮೆಯಾದದ್ದು ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದೆ.

ಪೊಟ್ಟಣದ ಹಸಿರು ಎಲೆಯನ್ನು ತೆಗೆಸಿದೆ. ಈಗ ಬಳಸುವುದು ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಹಾಳೆ. ಗುಜರಿಗೆ ಹೋದರೆ ಮರುಬಳಕೆ ಸಾಧ್ಯ. ಬೆಳ್ಳಿ ಹಾಳೆಯಷ್ಟು ಗಾಳಿ ತಡೆಯದು, ಶೇಂಗಾ ಬೇಗ ಕಮಟು ಹಿಡಿಯುತ್ತದೆ. ಅದಕ್ಕೇ ಬಾಳಿಕೆಯ ಅವಧಿ ಇಳಿಸಿ, ದೂರದ ಮಾರುಕಟ್ಟೆ ಕಡಿಮೆ ಮಾಡಿ, ಹತ್ತಿರದ ಅಂಗಡಿಗಳಿಗೆ ವಾಪಸ್ ತರುವ ಡಬ್ಬಗಳಲ್ಲಿ ಬಿಡಿ ಚಿಕ್ಕಿ ಕೊಡುತ್ತೇವೆ. ಆದಾಯ ಇಳಿದಿದೆ. ಮಕ್ಕಳು ಎಸೆಯುವ ಸಣ್ಣ ಪೊಟ್ಟಣಗಳು ಇನ್ನೂ ಚರಂಡಿಯಲ್ಲಿ ಸಿಗುತ್ತವೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಚಿಕ್ಕಿ, ಪೇಡಾ, ಕರದಂಟು, ಬೆಂಡು ಬತ್ತಾಸು, ಏನೇ ಮಾಡುವವರಿರಲಿ, ಹಸಿರು ಹಾಳೆಗೆ ಹಣ ಕಟ್ಟುವ ಮೊದಲು ನಿಮ್ಮ ಮೋರಿಯ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿ. ಆ ನೀರು ಹೋಗಿ ಸೇರುವ ಜಾಗದವರೆಗೂ ಒಮ್ಮೆ ನಡೆದು ನೋಡಿ ಬನ್ನಿ.