ಮೆಸಯೀದಿನಲ್ಲಿ ಸಕ್ಕರೆ ಅಚ್ಚು

ಸಕ್ಕರೆ ಅಚ್ಚಿನ ಕೆಲಸ ಶುರುವಾಗುವುದು ಹಿಂದಿನ ರಾತ್ರಿ, ಬಕೆಟ್ಟಿನಲ್ಲಿ. ಮರದ ಅಚ್ಚುಗಳನ್ನು ಆಗಲೇ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಕಚ್ಚಿಕೊಂಡರೆ ಗಿಳಿಯ ಕೊಕ್ಕು, ಆನೆಯ ಸೊಂಡಿಲು ಒಳಗೇ ಉಳಿದುಬಿಡುತ್ತವೆ. ಬೆಳಿಗ್ಗೆ ನೀರು ಸೋರಿಸಿ, ಹೋಳುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಸಾಲಾಗಿ ನಿಲ್ಲಿಸಿದೆನೆಂದರೆ ನನಗೆ ಆಗಲೇ ಸಂಕ್ರಾಂತಿ.

ನಾನಿರುವ ಮೆಸಯೀದ್ ದೋಹಾದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. 1949ರಲ್ಲಿ ತೈಲದ ಹಡಗುಗಳಿಗಾಗಿ ಹುಟ್ಟಿದ ಊರು. ಈಗ ಗೊಬ್ಬರ, ಉಕ್ಕು, ಅಲ್ಯೂಮಿನಿಯಂ ಕಾರ್ಖಾನೆಗಳದ್ದು. ಕಬ್ಬಿನ ಗದ್ದೆ, ಕಿಚ್ಚು ಹಾಯಿಸುವ ದನಕರು ಇಲ್ಲಿಲ್ಲ. ಆದರೆ ಜನವರಿಯ ತಂಪು ಅಚ್ಚಿಗೆ ಹೇಳಿಮಾಡಿಸಿದ್ದು. ಕಡಲ ತೇವ ಏರಿದ ದಿನ ಮಾತ್ರ ನಾನು ಒಲೆ ಹಚ್ಚುವುದಿಲ್ಲ.

ಸಕ್ಕರೆ ಮುಳುಗುವಷ್ಟು ನೀರು, ಕುದಿ ಬಂದಾಗ ಒಂದಿಷ್ಟು ಹಾಲು. ಕೊಳೆಯೆಲ್ಲ ನೊರೆಯ ಜೊತೆ ಮೇಲೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿಯಾಗುತ್ತದೆ. ನಿಂಬೆರಸ ಕೆಲವೇ ಹನಿ. ಹುಳಿ ಸಕ್ಕರೆಯನ್ನು ಸ್ವಲ್ಪ ಒಡೆಯುವುದರಿಂದ ಹರಳು ಸಣ್ಣಗಿರುತ್ತದೆ, ಹೆಚ್ಚಾದರೆ ಅಚ್ಚು ಕಟ್ಟುವುದೇ ಇಲ್ಲ. ಆಮೇಲೆ ಒಂದೊಂದೇ ಸೌಟು ಪಾಕವನ್ನು ಪುಟ್ಟ ಬಾಣಲೆಯಲ್ಲಿ ಕಾಯಿಸಿ, ಇಳಿಸಿ, ಅಂಚಿಗೆ ಉಜ್ಜುತ್ತಾ ತಿರುವಬೇಕು. ಮೊದಲು ಸೌಟು ಸಲೀಸಾಗಿ ಓಡುತ್ತದೆ. ಆಮೇಲೆ ಕೈಗೆ ಭಾರ ತಿಳಿಯುತ್ತದೆ, ಅಂಚಿನಲ್ಲಿ ಹಾಲುಬಿಳುಪಿನ ಗೆರೆ ಮೂಡುತ್ತದೆ. ಆಗಲೇ ಸುರಿಯಬೇಕು. ತಡಮಾಡಿದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ, ಅವಸರ ಮಾಡಿದರೆ ಅಚ್ಚಿನಲ್ಲಿ ಗಟ್ಟಿಯಾಗದು. ಆ ಬಿಳಿ ಗೆರೆಗಾಗಿಯೇ ನನಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ. ಎಳ್ಳು ಹುರಿಯುವುದು, ಕೊಬ್ಬರಿ, ಬೆಲ್ಲ ಹೆಚ್ಚುವುದು ಯಾರಿಗಾದರೂ ಬರುತ್ತದೆ. ಇದು ಕೈ ಪಳಗಿದ ಮೇಲಷ್ಟೇ ಒಲಿಯುವ ವಿದ್ಯೆ.

ಪಕ್ಕದ ಮನೆಯ ಈಜಿಪ್ಟಿನ ಗೆಳತಿ ನಾನು ಅಚ್ಚಿನಿಂದ ಸಕ್ಕರೆಯ ಬೃಂದಾವನ ಬಿಡಿಸುವುದನ್ನು ನೋಡಿ ತಮ್ಮೂರಿನ ಮೌಲಿದ್ ಹಬ್ಬದ ಸಕ್ಕರೆ ಬೊಂಬೆಯನ್ನು ನೆನೆದಳು. ಅದನ್ನೂ ಮರದ ಅಚ್ಚಿನಲ್ಲೇ ಎರಕ ಹೊಯ್ಯುತ್ತಾರಂತೆ. ಅರಬರ ಸಕ್ಕರೆ ಕೆಲಸವೇ ಸ್ಪೇನಿಗೆ ಹೋಗಿ, ಅಲ್ಲಿಂದ ಮೆಕ್ಸಿಕೊ ಸೇರಿತು. ನವೆಂಬರ್ 1 ಮತ್ತು 2ರಂದು ಅಲ್ಲಿ ತೀರಿಕೊಂಡವರ ಹಬ್ಬ. ಅದಕ್ಕೆ ಮುಂಚೆ ತೊಲೂಕಾ ನಗರದಲ್ಲಿ ಸಕ್ಕರೆ ಬೊಂಬೆಗಳ ಜಾತ್ರೆಯೇ ನೆರೆಯುತ್ತದೆ. ಮಣ್ಣಿನ ಅಚ್ಚಿನಲ್ಲಿ ಹೊಯ್ದ ತಲೆಬುರುಡೆ, ಮೈಮೇಲೆ ಬಣ್ಣದ ಹೂಬಳ್ಳಿ, ಹಣೆಗೆ ಹೆಸರು. ನಾವು ಎಳ್ಳು ಬೀರಲು ಹೊಯ್ಯುತ್ತೇವೆ, ಅವರು ಹಿರಿಯರಿಗೆಂದು ಹೊಯ್ಯುತ್ತಾರೆ. ಬೇಕಾದದ್ದು ಮಾತ್ರ ಎಲ್ಲ ಕಡೆಯೂ ಅದೇ: ಸಕ್ಕರೆ, ನೀರು, ಪಾಕ ಬಲ್ಲ ಕೈ.

ಗಲ್ಫಿನಲ್ಲಿರುವ ಅಕ್ಕತಂಗಿಯರೇ, ಅಂಗಡಿಯ ಅಚ್ಚಿನ ಪೊಟ್ಟಣ ಬಿಡಿ. ಊರಿಗೆ ಹೋದಾಗ ಅಟ್ಟದಿಂದ ಅಜ್ಜಿಯ ಅಚ್ಚುಗಳನ್ನು ಇಳಿಸಿ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಅಚ್ಚು ಬಿಡಿಸಲು ಮಕ್ಕಳನ್ನು ಕೂರಿಸಿಕೊಳ್ಳಿ. ಬಾಣಲೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಪಾಕದ ಸುಟ್ಟಗಾಯ ಬಲು ಕೆಟ್ಟದ್ದು.