ಐಸ್‌ಲೆಂಡಿನಲ್ಲಿ ಕಡೆಯ ಮೂರು ದಿನಗಳು

ನಮ್ಮ ಪ್ರವಾಸದ ವೃತ್ತಾಂತವನ್ನು ಈ ಸ್ಮರಣ ಸಂಚಿಕೆಗೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡರು. ಹತ್ತು ದಿನಗಳ ಸಂಗತಿಯನ್ನೆಲ್ಲ ಬರೆದರೆ ವಾಚಕರಿಗೆ ಬೇಸರವಾದೀತು. ಆದುದರಿಂದ ಕಡೆಯ ಮೂರು ದಿನಗಳನ್ನೂ ವಿಮಾನದಲ್ಲಿ ಊರಿಗೆ ಮರಳಿದ ಬಗೆಯನ್ನೂ ಮಾತ್ರ ಅರಿಕೆಮಾಡುವೆವು. ಇದರಲ್ಲಿ ನಮ್ಮ ಒಂದು ತಪ್ಪಿನ ಒಪ್ಪಿಗೆಯೂ ಸೇರಿರುವುದು.

2024ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ, ಇಂಗ್ಲೆಂಡಿನಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಬಲವಂತಮಾಡಿ ಕರೆಸಿಕೊಂಡಳು. "ಟೀಚರಮ್ಮ, ನೀವು ಭೂಪಟದಲ್ಲಿ ಕೋಲಿನಿಂದ ತೋರಿಸಿದ ಐಸ್‌ಲೆಂಡನ್ನು ಈಗ ಇಬ್ಬರೂ ಕಣ್ಣಾರೆ ನೋಡಿಬರೋಣ" ಎಂದು ಆಕೆ ಬರೆದಿದ್ದಳು. ಭೂಪಟದ ಮಾತನ್ನು ಆಕೆ ಏಕೆ ಎತ್ತಿದಳೆಂಬುದು ಆಗ ನಮಗೆ ಹೊಳೆಯಲಿಲ್ಲ.

ಕಡೆಯಿಂದ ಮೂರನೆಯ ದಿನ ನಾವು ಥಿಂಗ್ವೆಟ್ಲಿರ್ ಎಂಬ ಬಯಲಿಗೆ ಹೋದೆವು. ಆ ದೇಶದ ಜನರು 930ನೆಯ ಇಸವಿಯಷ್ಟು ಹಿಂದೆಯೇ ಬಯಲಿನಲ್ಲಿ ನೆರೆದು ಸಭೆ ಕೂಡಿ ನ್ಯಾಯ ತೀರಿಸಲು ತೊಡಗಿದ ಸ್ಥಳವಿದು. 1944ರ ಜೂನ್ 17ರಂದು ಗಣರಾಜ್ಯವಾದುದನ್ನು ಸಾರಿದುದೂ ಇಲ್ಲಿಯೇ. ಭೂಮಿಯ ಎರಡು ಮಹಾಫಲಕಗಳು ಇಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದನ್ನೊಂದು ಅಗಲುತ್ತಿರುವುವು. ಅದರಿಂದಾದ ಕಪ್ಪು ಬಂಡೆಯ ಬಿರುಕಿನೊಳಗೆ ನಾವು ಓಣಿಯಲ್ಲಿ ನಡೆದಂತೆ ನಡೆದೆವು. ಗಾಳಿಯಾದರೋ ಸೀರೆಯ ಸೆರಗನ್ನು ನಿಲ್ಲಗೊಡಲಿಲ್ಲ. ಮೇಲೆ ದಪ್ಪ ಕೋಟು, ಕಾಲಿಗೆ ಉಣ್ಣೆಯ ಚೀಲ, ತಲೆಗೆ ವಿದ್ಯಾರ್ಥಿನಿಯ ಟೊಪ್ಪಿಗೆ. ಆ ವೇಷದಲ್ಲಿ ನಮ್ಮ ಶಾಲೆಯ ಮಕ್ಕಳು ನಮ್ಮನ್ನು ಕಾಣದೆ ಹೋದುದೇ ಲೇಸಾಯಿತು.

ಅಲ್ಲಿಂದ ಮುಂದೆ ಸ್ಟ್ರೊಕ್ಕುರ್ ಎಂಬ ಬಿಸಿನೀರ ಬುಗ್ಗೆ. ಐದರಿಂದ ಹತ್ತು ನಿಮಿಷಗಳಿಗೊಮ್ಮೆ ನೀರು ನೀಲಿಯಾಗಿ ಉಬ್ಬಿ, ಹದಿನೈದು ಇಪ್ಪತ್ತು ಮೀಟರ್ ಎತ್ತರಕ್ಕೆ ಚಿಮ್ಮುವುದು. ನೆಲದಾಳದಲ್ಲಿ ಕಾದ ನೀರು ಮೇಲಿನ ನೀರಿನ ಭಾರದಿಂದ ಕುದಿಯಲಾರದೆ ತಡೆದಿದ್ದು, ಕಡೆಗೆ ಒಮ್ಮೆಲೆ ಆವಿಯಾಗಿ ಮೇಲಿನದನ್ನು ದಬ್ಬುವುದರಿಂದ ಹೀಗಾಗುವುದು. ಬಳಿಕ 32 ಮೀಟರ್ ಆಳಕ್ಕೆ ಎರಡು ಮೆಟ್ಟಿಲಾಗಿ ಧುಮುಕುವ ಗುಲ್‌ಫಾಸ್ ಜಲಪಾತವನ್ನು ನೋಡಿದೆವು. ಇದನ್ನು ವಿದ್ಯುತ್ತಿಗಾಗಿ ಕಟ್ಟಿಹಾಕುವ ಯತ್ನ ನಡೆದಾಗ ಸಿಗ್ರಿದುರ್ ಟೋಮಸ್‌ಡೋಟಿರ್ ಎಂಬ ರೈತನ ಮಗಳು ವರ್ಷಗಟ್ಟಲೆ ವಿರೋಧಿಸಿದಳು. ದೂರದ ರಾಜಧಾನಿಗೆ ಕಾಲ್ನಡೆಯಲ್ಲೇ ಹೋಗಿಬರುತ್ತಿದ್ದಳೆಂದು ಹೇಳುವರು. ಅಲ್ಲಿ ಆಕೆಯ ಮುಖದ ಶಿಲ್ಪವಿರುವುದು.

ಸಂಜೆ ರೇಕ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಗಾಜಿನ ಮನೆಯನ್ನು ಹೊಕ್ಕೆವು. ಹೊರಗೆ ಚಳಿಗಾಳಿ, ಒಳಗೆ ಟೊಮೇಟೊ ಬಳ್ಳಿಗಳು ಮಾಡಿನ ಪರ್ಯಂತ ಹಬ್ಬಿ ಕೆಂಪು ಗೊಂಚಲುಗಳಿಂದ ಜಗ್ಗುತ್ತಿದ್ದುವು. ಭೂಮಿಯ ಬಿಸಿನೀರನ್ನೇ ಕೊಳವೆಗಳಲ್ಲಿ ಹರಿಸಿ ಆ ಮನೆಯನ್ನು ಬೆಚ್ಚಗಿಡುವರು. ಹೂಗಳ ಪರಾಗಕ್ಕಾಗಿ ದುಂಬಿಗಳನ್ನು ಸಾಕಿರುವರು. ಬಳ್ಳಿಗಳ ನಡುವೆಯೇ ಮೇಜು ಹಾಕಿ ಟೊಮೇಟೊ ಸಾರನ್ನೂ ರೊಟ್ಟಿಯನ್ನೂ ಬಡಿಸಿದರು. ಆಗ ನಮ್ಮ ವಿದ್ಯಾರ್ಥಿನಿ ನಗುತ್ತ, "ಟೀಚರಮ್ಮ, ಇಪ್ಪತ್ತು ವರ್ಷಗಳ ಮೇಲೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು" ಎಂದಳು.

ಆ ಕ್ಷಣವೇ ನಮಗೆ ನೆನಪಾಯಿತು. 2004ನೆಯ ಇಸವಿಯಲ್ಲಿ, ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಎಂಟನೆಯ ತರಗತಿಯಲ್ಲಿ ಐಸ್‌ಲೆಂಡ್ ಎಂದರೆ ಪೂರಾ ಮಂಜಿನ ದೇಶವೆಂದು ಪಾಠ ಹೇಳಿದೆವು. ಈ ಹುಡುಗಿ ಎದ್ದು ನಿಂತು, "ಹಾಗಾದರೆ ಅಲ್ಲಿಯ ಜನ ಏನು ಬೆಳೆದು ಉಣ್ಣುತ್ತಾರೆ?" ಎಂದು ಕೇಳಿದಳು. ನಮಗೆ ಉತ್ತರ ತಿಳಿಯದು. ತಿಳಿಯದೆಂದು ಹೇಳಲು ನಾಚಿ, ಅಧಿಕಪ್ರಸಂಗವೆಂದು ಗದರಿಸಿ, ಆಕೆಯನ್ನು ಗಂಟೆ ಹೊಡೆಯುವ ತನಕ ಬಾಗಿಲ ಹೊರಗೆ ನಿಲ್ಲಿಸಿದೆವು. ಅಂದಿನಿಂದ ಆಕೆ ನಮ್ಮ ತರಗತಿಯಲ್ಲಿ ಪ್ರಶ್ನೆ ಕೇಳಿದುದು ನೆನಪಿಲ್ಲ. ಆ ದೇಶದ ನೆಲದಲ್ಲಿ ನೂರಕ್ಕೆ 11 ಪಾಲು ಮಾತ್ರ ಹಿಮದ ಗಡ್ಡೆ. ನಮ್ಮ ಪಾಠವೂ ತಪ್ಪು, ಶಿಕ್ಷೆಯೂ ತಪ್ಪು. ಸಾರು ಆರಿಹೋಯಿತು. ಕ್ಷಮೆ ಕೇಳಬೇಕೆಂದಿದ್ದರೂ ನಮಗೆ ಬಾಯಿ ಬರಲಿಲ್ಲ.

ಮರುದಿನ ರೇಕ್ಯಾವಿಕ್ ಪಟ್ಟಣದಲ್ಲಿ ಕಳೆದೆವು. ಹತ್ತರಲ್ಲಿ ಒಂಬತ್ತು ಮನೆಗಳನ್ನು ಭೂಮಿಯ ಶಾಖವೇ ಬೆಚ್ಚಗಿಡುವ ಆ ದೇಶದಲ್ಲಿ ಹೊಗೆಯ ಸುಳಿವೇ ಇರಲಿಲ್ಲ. ಗುಡ್ಡದ ಮೇಲಿನ ಹಾಟ್‌ಗ್ರಿಮುರ್ ದೇವಾಲಯವನ್ನು 1945ರಿಂದ 1986ರ ವರೆಗೆ ಕಟ್ಟಿದರು; ಅದರ ಗೋಪುರದಿಂದ ಬಣ್ಣಬಣ್ಣದ ಮಾಡುಗಳನ್ನೂ ಕಡಲನ್ನೂ ಕಂಡೆವು. ಆಗ ಅಧ್ಯಕ್ಷ ಪದವಿಯ ಚುನಾವಣೆ ಸಮೀಪಿಸಿತ್ತು. ಶಿಕ್ಷಕಿಯಾಗಿದ್ದ ವಿಗ್ದಿಸ್ ಫಿನ್‌ಬೋಗಾಡೋಟಿರ್ ಅವರು 1980ರಲ್ಲಿ ಇಲ್ಲಿ ಆಯ್ಕೆಯಾಗಿ, ಲೋಕದಲ್ಲೇ ಜನರ ಮತದಿಂದ ಅಧ್ಯಕ್ಷರಾದ ಮೊದಲ ಮಹಿಳೆ ಎನಿಸಿದರು. ನಾವು ಮರಳಿದ ಮೇಲೆ ಜೂನ್ 1ರಂದು ಹಲ್ಲಾ ಟೋಮಸ್‌ಡೋಟಿರ್ ಅವರು ಎರಡನೆಯ ಮಹಿಳಾ ಅಧ್ಯಕ್ಷರಾಗಿ ಆರಿಸಿಬಂದರು. ಟೋಮಸ್‌ಡೋಟಿರ್ ಎಂದರೆ ಟೋಮಸನ ಮಗಳೆಂದೇ ಅರ್ಥ. ಅಲ್ಲಿ ಮನೆತನದ ಹೆಸರಿಗಿಂತ ತಂದೆಯ ಹೆಸರೇ ವಾಡಿಕೆ, ನಮ್ಮಲ್ಲಿ ಹಲವರಿಗೆ ತಂದೆಯ ಹೆಸರು ಮೊದಲಕ್ಷರವಾಗಿರುವಂತೆ. ಆ ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು. ಪರದೆ ಎಳೆದರೂ ನಿದ್ರೆ ಬರಲಿಲ್ಲ. ಬೆಳಕನ್ನು ದೂರುವುದು ನ್ಯಾಯವಲ್ಲ.

ಕಡೆಯ ದಿನ ಕೆಫ್ಲಾವಿಕ್ ವಿಮಾನ ನಿಲ್ದಾಣಕ್ಕೆ ಸುಮಾರು 50 ಕಿಲೋಮೀಟರ್ ಬಸ್ಸಿನ ದಾರಿ. ಇಕ್ಕೆಲದಲ್ಲೂ ಪಾಚಿ ಹಬ್ಬಿದ ಹಳೆಯ ಲಾವಾ. ಆ ದಾರಿಯ ದಕ್ಷಿಣಕ್ಕಿರುವ ಗ್ರಿಂಡಾವಿಕ್ ಊರಿನ ಜನರೆಲ್ಲ 2023ರ ನವೆಂಬರ್ 10ರ ರಾತ್ರಿ ಮನೆ ಬಿಟ್ಟು ಹೊರಡಬೇಕಾಯಿತು. 2024ರ ಫೆಬ್ರವರಿಯಲ್ಲಿ ಹರಿದ ಲಾವಾ ಬಿಸಿನೀರಿನ ಕೊಳವೆಯನ್ನೇ ನುಂಗಿ, ಆ ಭಾಗದ ಮನೆಗಳು ಚಳಿಗಾಲದ ನಡುವೆ ತಣ್ಣಗಾದುವು. ಮನೆಯನ್ನು ಕಾಯಿಸುವ ಬೆಂಕಿಯೇ ಮನೆಯನ್ನು ಕಳೆಯಲೂ ಬಲ್ಲದು.

ವಿಮಾನ ಮೇಲೆದ್ದು ದಕ್ಷಿಣ ತೀರದ ಕಡೆಗೆ ತಿರುಗಿದ ತರುವಾಯ ಮೋಡ ಸರಿದು ಕೆಳಗೆ ಹಿಮದ ಬಿಳಿ ಹಾಸು ಕಂಡಿತು. ವಿದ್ಯಾರ್ಥಿನಿ ಕಿಟಕಿಯತ್ತ ಬಾಗಿ, "ನೋಡಿ, ನಿಮ್ಮ ಮಂಜು!" ಎಂದಳು. ಇನ್ನು ತಡೆಯಲಾರದೆ, ಅಂದು ಹೊರಗೆ ನಿಲ್ಲಿಸಿದುದು ಅವಳ ತಪ್ಪಿಗಲ್ಲ, ನಮಗೆ ಉತ್ತರ ತಿಳಿಯದಿದ್ದುದಕ್ಕೆ ಎಂದು ಹೇಳಿ ಕ್ಷಮೆ ಬೇಡಿದೆವು. ಆಕೆ ನಮ್ಮ ಕೈ ಹಿಡಿದು, "ನನಗೆ ಗೊತ್ತಿತ್ತು ಟೀಚರಮ್ಮ. ಆದರೆ ಮಾರನೆಯ ದಿನ ಪುಸ್ತಕ ನೋಡಿಕೊಂಡು ಬಂದು ಹೇಳುವಿರೆಂದು ಕಾದಿದ್ದೆ" ಎಂದಳು. ಗದರಿಕೆಗಿಂತ ಆ ಕಾಯುವಿಕೆಯ ಮಾತೇ ನಮ್ಮನ್ನು ಹೆಚ್ಚು ನೋಯಿಸಿತು. ಸುಮಾರು ಮೂರು ಗಂಟೆಗಳಲ್ಲಿ ಲಂಡನ್ ತಲುಪಿ, ಅಲ್ಲಿ ಆಕೆಯನ್ನು ಬೀಳ್ಕೊಟ್ಟು, ರಾತ್ರಿಯೆಲ್ಲ ಹಾರಿ ಬೆಂಗಳೂರಿಗೆ ಬಂದಿಳಿದೆವು.

ಶಾಲೆ ತೆರೆದ ಮೊದಲ ವಾರವೇ ಒಬ್ಬ ಹುಡುಗಿ, ಬಿಸಿನೀರ ಬುಗ್ಗೆ ಎಂದಾದರೂ ಬತ್ತುವುದೇ ಎಂದು ಕೇಳಿದಳು. ತಿಳಿಯದು, ನಾಳೆ ನೋಡಿಕೊಂಡು ಬಂದು ಹೇಳುವೆವೆಂದೆವು. ಮಾರನೆಯ ದಿನ ಹೇಳಿದೆವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರ ಪ್ರಶ್ನೆಯನ್ನಾದರೂ ನಾವು ಹೀಗೆ ಬಾಗಿಲ ಹೊರಗೆ ನಿಲ್ಲಿಸಿದ್ದರೆ ದಯವಿಟ್ಟು ಶಾಲೆಯ ವಿಳಾಸಕ್ಕೆ ಬರೆದು ತಿಳಿಸಿರಿ. ತಡವಾದರೂ ಉತ್ತರ ಬರೆಯುವೆವು.